ಮೆಕ್ಸಿಕೋದ ಕ್ಯಾನ್‌ಕೂನ್‌ನಿಂದ ಒಂದು ದಿನ: ಮಾಯಾ ಪಿರಮಿಡ್, ಹಳ್ಳಿ, ಸೆನೋಟೆ (ನೆಲ ಕುಸಿದು ಆದ ನೀರಿನ ಗುಂಡಿ) ಈಜು. ಚಿಚೆನ್ ಇಟ್ಸಾ ಒಳ್ಳೇದಾ, ಕೋಬಾನಾ?

ತುಂಗಾತೀರ:
ಡಿಸೆಂಬರ್ ಎರಡನೇ ವಾರ ಕ್ಯಾನ್‌ಕೂನ್‌ನಲ್ಲಿ ನಾಲ್ಕು ದಿನ ಇರ್ತೀವಿ. ಒಂದು ದಿನಕ್ಕೆ ಗೈಡ್ ಇರೋ ಟೂರ್ ಬೇಕು. ಐದು ಜನ: ನಾವಿಬ್ಬರು, 7 ವರ್ಷದ ಮಗಳು, 70ರ ಆಸುಪಾಸಿನ ಅಪ್ಪ ಅಮ್ಮ. ಅಮ್ಮನಿಗೆ ಮಂಡಿನೋವು. ಈಜು ಬರೋದು ಒಬ್ಬರಿಗೆ. ಎಲ್ಲರೂ ಸಸ್ಯಾಹಾರ, ಮಗಳು ಮಾತ್ರ ಮೊಟ್ಟೆ ತಿಂತಾಳೆ.

ಕೈಯಲ್ಲಿರೋ ಎರಡು ಪ್ಯಾಕೇಜ್ (ಚಿಚೆನ್ ಇಟ್ಸಾ, ಕೋಬಾ ಎರಡೂ ಹಳೇ ಮಾಯಾ ನಗರಗಳ ಅವಶೇಷ):
ಅ) ಚಿಚೆನ್ ಇಟ್ಸಾ + ಇಕ್ ಕಿಲ್ ಸೆನೋಟೆ + ವಯಾದೊಲಿದ್ ಪಟ್ಟಣ. ದೊಡ್ಡ ಬಸ್ಸು, 12-13 ಗಂಟೆ.
ಆ) ಕೋಬಾ + ಮಾಯಾ ಹಳ್ಳಿ + ಸೆನೋಟೆ. ವ್ಯಾನು, 12 ಜನ, 10 ಗಂಟೆ.

ಯಾವುದು ಆರಿಸಬೇಕು? ಈಜು ಬಾರದವರು ನೀರಿಗೆ ಇಳಿಯಬಹುದಾ? ಊಟಕ್ಕೆ ಏನು ಗತಿ?

ದಾರಿಹೋಕ:
ಅಷ್ಟು ದೂರ ಹೋಗಿ ಚಿಚೆನ್ ಇಟ್ಸಾ ಬಿಟ್ಟು ಬರ್ತೀರಾ? ಅ.

ಕಲ್ಲುಹಾಸು:
ಮನೆಯವರನ್ನೆಲ್ಲ ನೋಡಿದರೆ ಆ, ಅಂದರೆ ಕೋಬಾ. ಕಾರಣ ಹೇಳ್ತೀನಿ.

ಕ್ಯಾನ್‌ಕೂನ್‌ನಿಂದ ಚಿಚೆನ್ ಇಟ್ಸಾ ಸುಮಾರು 200 ಕಿ.ಮೀ. ಟೋಲ್ ರಸ್ತೆಯಲ್ಲಿ ನೇರವಾಗಿ ಹೋದರೆ ಎರಡೂವರೆ ಗಂಟೆ. ಆದರೆ ದೊಡ್ಡ ಬಸ್ಸು ನೇರವಾಗಿ ಹೋಗಲ್ಲ. ಏಳೆಂಟು ಹೋಟೆಲ್‌ಗಳಲ್ಲಿ ಜನ ಹತ್ತಿಸ್ಕೊಂಡು, ಒಂದು ಕಡೆ ಬಸ್ಸು ಬದಲಿಸಿ, ದಾರಿಯಲ್ಲಿ ಕರಕುಶಲ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿ, ಪಿರಮಿಡ್ ಮುಂದೆ ಇಳಿಸೋ ಹೊತ್ತಿಗೆ ನಡುಮಧ್ಯಾಹ್ನ. ಆ ಬಯಲಲ್ಲಿ ನೆರಳಿಲ್ಲ. ಗೈಡ್ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಮಾತಾಡಿದ ಮೇಲೆ ಸುತ್ತಾಡೋಕೆ ಉಳಿಯೋದು 30-40 ನಿಮಿಷ. ಇಕ್ ಕಿಲ್‌ನಲ್ಲೂ ಅಷ್ಟೇ, ಬಟ್ಟೆ ಬದಲಿಸೋ ಸಾಲಲ್ಲೇ ಅರ್ಧ ಸಮಯ ಹೋಗುತ್ತೆ.

ಕೋಬಾದಲ್ಲಿ ಕಾಡು ತಲೆ ಮೇಲೆ ಚಪ್ಪರ ಹಾಕಿದ ಹಾಗಿದೆ. ಗೇಟಿನಿಂದ ದೊಡ್ಡ ಪಿರಮಿಡ್ ನೋಹೋಚ್ ಮುಲ್‌ಗೆ ಸುಮಾರು 2 ಕಿ.ಮೀ. ಒಳಗೇ ಸೈಕಲ್ ಬಾಡಿಗೆಗೆ ಸಿಗುತ್ತೆ. ಇಬ್ಬರು ಕೂರೋ ಮೂರು ಚಕ್ರದ ಸೈಕಲ್ ಗಾಡಿನೂ ಇದೆ, ಸೀಟು ಮುಂದೆ, ತುಳಿಯೋನು ಹಿಂದೆ. ಮಂಡಿನೋವಿನ ಅಮ್ಮನಿಗೆ ಅದೇ ಸರಿ.

ದಾರಿಹೋಕ:
ಕೋಬಾದಲ್ಲಿ ಕೆತ್ತನೆ ಎಲ್ಲಿದೆ? ಚಿಚೆನ್ ಇಟ್ಸಾ 1988ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿನ ದೊಡ್ಡ ಪಿರಮಿಡ್ ಎಲ್ ಕಾಸ್ತಿಯೋದ ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನ ಜಗಲಿ ಸೇರಿ 365. ಕಲ್ಲಲ್ಲಿ ಕಟ್ಟಿದ ಪಂಚಾಂಗ ಅದು. ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಹಕ್ಕಿ ಕೂಗಿದ ಹಾಗೆ ಇಳಿಮುಖವಾಗಿ ಬರುತ್ತೆ. ಚೆಂಡಾಟದ ಅಂಗಳ 168 ಮೀಟರ್ ಉದ್ದ. ಇದೆಲ್ಲ ಕೋಬಾದಲ್ಲಿ ಇಲ್ಲ.

ಕಲ್ಲುಹಾಸು:
ಇಲ್ಲ, ಒಪ್ತೀನಿ. ಕೋಬಾದ ಶಾಸನಕಲ್ಲುಗಳು ಸವೆದಿವೆ. ಅವಕ್ಕೆ ಹುಲ್ಲಿನ ಸೂರು ಹಾಕಿದ್ದಾರೆ, ಬೆಳಿಗ್ಗೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರ ಎದ್ದು ಕಾಣುತ್ತೆ. ಅಲ್ಲಿ ನೋಡಬೇಕಾದ್ದು ರಸ್ತೆಗಳು. ಸಕ್‌ಬೆ ಅಂತಾರೆ, ಸಕ್ ಅಂದರೆ ಬಿಳಿ, ಬೆ ಅಂದರೆ ದಾರಿ. ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ ಏರುದಾರಿಗಳು. ಕೋಬಾದಿಂದ ಪಶ್ಚಿಮಕ್ಕೆ ಯಶುನಾವರೆಗೆ ಹೋಗೋದು ಸುಮಾರು 100 ಕಿ.ಮೀ. ಉದ್ದ. ಗಾಲಿಯ ಗಾಡಿ, ಎಳೆಯೋ ಎತ್ತು ಎರಡೂ ಇಲ್ಲದ ಜನ ಕಟ್ಟಿದ್ದು. ನೀವು ಸೈಕಲ್ ತುಳಿಯೋದೂ ಅಂಥ ದಾರಿ ಮೇಲೇ.

ಚೆಂಡಾಟದ ಅಂಗಳ ಕೋಬಾದಲ್ಲೂ ಇದೆ, ಚಿಕ್ಕದು. ಗೋಡೆ ಓರೆ, ನೆಲದ ನಡುವೆ ತಲೆಬುರುಡೆಯ ಕೆತ್ತನೆ. ಮಗುವಿಗೆ ಆಟ ವಿವರಿಸೋಕೆ ಆ ಅಳತೆಯೇ ಸುಲಭ: ರಬ್ಬರ್ ಚೆಂಡು, ಕೈ ಮುಟ್ಟಂಗಿಲ್ಲ, ಸೊಂಟದಿಂದ ಹೊಡೀಬೇಕು.

ಅರಳುಮಲ್ಲಿಗೆ:
ಪಿರಮಿಡ್ ಹತ್ತಬಹುದಾ?

ಕಲ್ಲುಹಾಸು:
ಚಿಚೆನ್ ಇಟ್ಸಾದಲ್ಲಿ ಇಲ್ಲ, ಹಗ್ಗ ಕಟ್ಟಿ ಸುಮಾರು ಇಪ್ಪತ್ತು ವರ್ಷ ಆಯ್ತು. ಕೋಬಾದ ನೋಹೋಚ್ ಮುಲ್ 42 ಮೀಟರ್, ಸುಮಾರು 120 ಮೆಟ್ಟಿಲು. ಅದನ್ನೂ 2020ರಲ್ಲಿ ಮುಚ್ಚಿದ್ದರು, ಈಗ ಬಿಡ್ತಾರಾ ಅಂತ ಟೂರ್‌ನವರನ್ನ ಕೇಳಿ. ಹತ್ತೋದನ್ನೇ ನಂಬಿ ಯಾವ ಟೂರೂ ಕೊಳ್ಳಬೇಡಿ. ಜಾಹೀರಾತಿನಲ್ಲಿ ತುದಿ ಮೇಲೆ ಜನ ನಿಂತಿರೋ ಫೋಟೋ ಹಳೇದೂ ಇರಬಹುದು.

ಹೂಸ್ಟನ್‌ವಾಸಿ:
ಗಡಿಯಾರದ ವಿಷಯ ಯಾರೂ ಹೇಳಲಿಲ್ಲ. ಕ್ಯಾನ್‌ಕೂನ್ ಇರೋದು ಕಿಂತಾನಾ ರೋ ರಾಜ್ಯದಲ್ಲಿ. ಚಿಚೆನ್ ಇಟ್ಸಾ, ವಯಾದೊಲಿದ್ ಇರೋದು ಯುಕಟಾನ್ ರಾಜ್ಯದಲ್ಲಿ. ಯುಕಟಾನ್ ಒಂದು ಗಂಟೆ ಹಿಂದೆ. 2022ರಲ್ಲಿ ಮೆಕ್ಸಿಕೋ ಬೇಸಿಗೆ ಗಡಿಯಾರ ಬಿಟ್ಟ ಮೇಲೆ ವರ್ಷಪೂರ್ತಿ ಹೀಗೇ. ಕ್ಯಾನ್‌ಕೂನ್‌ನಿಂದ 6ಕ್ಕೆ ಹೊರಟು ಎರಡೂವರೆ ಗಂಟೆ ಓಡಿದರೆ ಚಿಚೆನ್ ಇಟ್ಸಾದಲ್ಲಿ 7:30. ಗೇಟ್ ತೆಗೆಯೋದು 8ಕ್ಕೆ. ಹೋಗುವಾಗ ಲಾಭ, ಬರುವಾಗ ಆ ಗಂಟೆ ವಾಪಸ್ ಕೊಡಬೇಕು. ವಿಮಾನ ಇರೋ ದಿನ ಈ ಟೂರ್ ಇಟ್ಕೊಂಡವರು ಎಡವೋದು ಇಲ್ಲೇ.

ವೀಸಾ: ಅವಧಿ ಮುಗಿಯದ ಅಮೆರಿಕ ವೀಸಾ ಪಾಸ್‌ಪೋರ್ಟಲ್ಲಿದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ, ಭಾರತದ ಪಾಸ್‌ಪೋರ್ಟ್‌ನವರಿಗೆ ಮೆಕ್ಸಿಕೋ ವೀಸಾ ಬೇರೆ ಬೇಡ. ಅಪ್ಪ ಅಮ್ಮ ಅಮೆರಿಕ ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಅದೇ ಸಾಕು. ಎಚ್-1ಬಿ ಒಪ್ಪಿಗೆ ಪತ್ರ ಒಂದೇ ಇದ್ದು, ಪಾಸ್‌ಪೋರ್ಟಿನ ಸ್ಟ್ಯಾಂಪ್ ಮುಗಿದಿದ್ದರೆ ಅದು ನಡೆಯಲ್ಲ.

ತುಂಗಾತೀರ:
ವೀಸಾ ಎಲ್ಲರದೂ ಚಾಲ್ತಿಯಲ್ಲಿದೆ. ಕೋಬಾ ಕಡೆ ಮನಸ್ಸು ವಾಲ್ತಿದೆ. ನೀರಿನ ಬಗ್ಗೆ ಹೇಳಿ, ಅದೇ ಭಯ.

ನೀರುನಾಯಿ:
ಭಯ ಸ್ವಲ್ಪ ಇರಲಿ, ಒಳ್ಳೇದು. ಸೆನೋಟೆ ಅಂದರೆ ಕೆರೆ ಅಲ್ಲ, ಹೊಳೆ ಅಲ್ಲ. ಎರಡೂ ರಾಜ್ಯ ಇರೋ ಇಡೀ ಯುಕಟಾನ್ ಪರ್ಯಾಯದ್ವೀಪ ಸುಣ್ಣಕಲ್ಲಿನ ಹಾಸು. ಮಳೆನೀರು ಮೇಲೆ ಹರಿಯೋದೇ ಇಲ್ಲ, ಕಲ್ಲು ಕರಗಿಸಿಕೊಂಡು ಕೆಳಗೆ ಇಳಿಯುತ್ತೆ. ಉತ್ತರ ಭಾಗದಲ್ಲಿ ನದಿಯೇ ಕಾಣಲ್ಲ. ಕೆಳಗಿನ ಗುಹೆಯ ಚಾವಣಿ ಕುಸಿದ ಕಡೆ ಬಾಯಿ ತೆರೆದದ್ದು ಸೆನೋಟೆ, ಮಾಯಾ ಮಾತಿನ ಜೊನೋಟ್ ಸ್ಪ್ಯಾನಿಷರ ಬಾಯಲ್ಲಿ ಹಾಗಾಯ್ತು. ದಡ ಇಳಿಜಾರಾಗಿ ಇರಲ್ಲ. ಬಹಳ ಕಡೆ ಮೆಟ್ಟಿಲ ಕೊನೆಯಿಂದ ಒಂದು ಹೆಜ್ಜೆ ಇಟ್ಟರೆ ಕೆಳಗೆ ಹತ್ತಾರು ಮೀಟರ್ ಆಳ. ಮೊಣಕಾಲು ನೀರಲ್ಲಿ ನಿಂತು ಆಡ್ತೀವಿ ಅಂದುಕೊಂಡು ಹೋದರೆ ತಪ್ಪು.

ಎರಡನೇ ವಿಷಯ, ಇದು ಸಿಹಿನೀರು. ಸಮುದ್ರದ ಉಪ್ಪುನೀರಿನಷ್ಟು ತೇಲಿಸಲ್ಲ. ಕ್ಯಾನ್‌ಕೂನ್ ಬೀಚಲ್ಲಿ ಹಾಯಾಗಿ ತೇಲಿದವರು ಇಲ್ಲಿ ಸೊಂಟ ಕೆಳಗೆ ಜಗ್ಗಿದ ಹಾಗಾಗಿ ಗಾಬರಿ ಬೀಳ್ತಾರೆ.

ಮೂರನೇದು, ನೀರು ವರ್ಷವಿಡೀ 24-25 ಡಿಗ್ರಿ. ಬಿಸಿಲಲ್ಲಿ ಬೆಂದು ಬಂದು ಧುಮುಕಿದರೆ ಉಸಿರು ಒಮ್ಮೆಗೇ ಹಿಡಿದುಕೊಳ್ಳುತ್ತೆ. ಮೊದಲು ಷವರ್, ಆಮೇಲೆ ಮೆಟ್ಟಿಲಲ್ಲಿ ಕೂತು ಕಾಲು, ಆಮೇಲೆ ಎದೆವರೆಗೆ. ಎರಡು ನಿಮಿಷದಲ್ಲಿ ಮೈ ಒಗ್ಗುತ್ತೆ.

ಲೈಫ್ ಜಾಕೆಟ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಗದ್ದ ದಾಟಿ ಕಿವಿವರೆಗೆ ಬಂದರೆ ಸಡಿಲ ಅಂತ ಅರ್ಥ, ನೀರಲ್ಲಿ ಮಗು ಕೆಳಗೆ ಜಾರುತ್ತೆ. ಮಕ್ಕಳ ಅಳತೆಯ ಜಾಕೆಟ್ ಕೆಲವು ಕಡೆ ಕಾಲಿನ ನಡುವಿನ ಪಟ್ಟಿ ಕಿತ್ತು ಹೋಗಿರುತ್ತೆ, ನೋಡಿ ತಗೊಳ್ಳಿ. ಸಾಧ್ಯವಾದರೆ ಮಗುವಿನದ್ದು ಮನೆಯಿಂದಲೇ ತನ್ನಿ. ನೀರಿಗೆ ಅಡ್ಡಲಾಗಿ ಹಗ್ಗ ಕಟ್ಟಿರ್ತಾರೆ. ಈಜು ಬಾರದವರು ಹಗ್ಗ ಹಿಡಿದುಕೊಂಡೇ ಆ ದಡಕ್ಕೆ ಹೋಗಿ ಬರಬಹುದು. ಈಜು ಬರೋ ಒಬ್ಬರು ಒಂದು ಹೊತ್ತಿಗೆ ಒಬ್ಬರನ್ನ ಮಾತ್ರ ನೋಡಿಕೊಳ್ಳಲಿ, ಮಗು ಮೊದಲು, ಅಪ್ಪ ಆಮೇಲೆ.

ಅರಳುಮಲ್ಲಿಗೆ:
ಹೆಣ್ಣುಮಕ್ಕಳು ಚೂಡಿದಾರದಲ್ಲೇ ಇಳಿಯೋದು ನೋಡ್ತೀವಲ್ಲ. ಕಾಟನ್ ಬಟ್ಟೆ ನೀರು ಕುಡಿದು ಭಾರ ಆಗುತ್ತೆ, ದುಪಟ್ಟಾ ಜಾಕೆಟ್ ಬಕಲಿಗೆ ಸುತ್ತಿಕೊಳ್ಳುತ್ತೆ. ನೈಲಾನ್ ಲೆಗಿಂಗ್ಸ್, ಉದ್ದ ತೋಳಿನ ಈಜುಅಂಗಿ ಸಾಕು, ಯಾರೂ ಏನೂ ಅನ್ನಲ್ಲ. ಉದ್ದ ತೋಳು ಇದ್ದರೆ ಸನ್‌ಸ್ಕ್ರೀನೂ ಬೇಡ.

ನೀರುನಾಯಿ:
ಸನ್‌ಸ್ಕ್ರೀನ್ ಅಲ್ಲಿ ಬಳಿಯೋ ಹಾಗೇ ಇಲ್ಲ. 'ಬಯೋಡಿಗ್ರೇಡಬಲ್' ಅಂತ ಬರೆದಿದ್ದರೂ ಬಹಳ ಕಡೆ ಬಿಡಲ್ಲ. ಅದು ಒಂದೇ ಗುಂಡಿಯ ನೀರಲ್ಲ. ಒಂದರೊಳಗೊಂದು ಸೇರಿಕೊಂಡ ಅಂತರ್ಜಲ, ಪಕ್ಕದ ಊರಿನ ಬಾವಿಗೂ ಅದೇ. ಸಾಕ್ ಅಕ್ತುನ್ ಅನ್ನೋ ನೀರಡಿಯ ಗುಹೆ ಒಂದೇ 340 ಕಿ.ಮೀ.ಗೂ ಉದ್ದ ಅಂತ 2018ರಲ್ಲಿ ಅಳೆದರು. ನಮ್ಮವರು ವಿಶೇಷವಾಗಿ ನೆನಪಿಡಬೇಕಾದ್ದು ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ. ಆ ಬೆಳಿಗ್ಗೆ ಎಣ್ಣೆ ಬೇಡ. ಕಲ್ಲಿನ ಜೋಲುಗಳನ್ನೂ ಮುಟ್ಟಬೇಡಿ, ಕೈಯ ಜಿಡ್ಡು ಹತ್ತಿದ ಜಾಗದಲ್ಲಿ ಸುಣ್ಣ ಕೂರಲ್ಲ, ಅಲ್ಲಿಗೆ ಅದರ ಬೆಳವಣಿಗೆ ನಿಂತಿತು.

ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಸಿಹಿನೀರಿನ ಅಮೀಬಾ ಲೆನ್ಸ್ ಹಿಂದೆ ಸಿಕ್ಕಿಕೊಂಡರೆ ಕಣ್ಣಿಗೇ ಅಪಾಯ.

ಮಲೆನಾಡಹುಡುಗ:
ಕೋಬಾ ಹತ್ತಿರ ಯಾವ ಸೆನೋಟೆ?

ನೀರುನಾಯಿ:
ಅವಶೇಷಗಳಿಂದ ಸುಮಾರು 6 ಕಿ.ಮೀ. ದೂರದಲ್ಲಿ ಮೂರು ಇವೆ: ಚೋ-ಹಾ, ತಮ್‌ಕಾಚ್-ಹಾ, ಮುಲ್ತುನ್-ಹಾ. ಮೂರೂ ಗುಹೆ ಥರದವು, ಮರದ ಮೆಟ್ಟಿಲು ಇಳೀಬೇಕು. ಚೋ-ಹಾ ಚಾವಣಿ ತಗ್ಗು, ಕಲ್ಲಿನ ಜೋಲು ತುಂಬ, ಉಳಿದವುಗಳಷ್ಟು ಆಳ ಇಲ್ಲ. ಈಜು ಬಾರದವರಿಗೆ ಅದೇ ಇರಲಿ. ತಮ್‌ಕಾಚ್-ಹಾದಲ್ಲಿ 5 ಮೀಟರ್, 10 ಮೀಟರ್ ಹಾರು ಹಲಗೆಗಳಿವೆ. 10 ಮೀಟರಿಂದ ಜಾಕೆಟ್ ಹಾಕಿಕೊಂಡು ಹಾರಬಾರದು, ನೀರಿಗೆ ಬಿದ್ದ ಏಟಿಗೆ ಜಾಕೆಟ್ ಮೇಲಕ್ಕೆ ಬಂದು ಗದ್ದಕ್ಕೆ ಬಡಿಯುತ್ತೆ. ಅಂದರೆ ಈಜು ಬಾರದವರು ಅಲ್ಲಿಂದ ಹಾರಲೇಬಾರದು.

ಊರ ಮುಂದಿನ ಕೋಬಾ ಸರೋವರ ನೋಡಿ ಇಲ್ಲೇ ಇಳಿಯೋಣ ಅನ್ನಿಸಬಹುದು. ಅಲ್ಲಿ ಮೊಸಳೆ ಇದೆ.

ಅಮ್ಮನ ಮಂಡಿ ವಿಷಯ: ಒದ್ದೆ ಮರದ ಸುರುಳಿ ಮೆಟ್ಟಿಲು ಇಳಿಯೋದು ಕಷ್ಟ, ಹತ್ತೋದು ಇನ್ನೂ ಕಷ್ಟ. ಇಕ್ ಕಿಲ್ ಆದರೂ ನೀರು ನೆಲಮಟ್ಟಕ್ಕಿಂತ 26 ಮೀಟರ್ ಕೆಳಗೆ, ಕಲ್ಲಿನ ಮೆಟ್ಟಿಲು. ಆದರೆ ಅಲ್ಲಿ ಮೇಲಿಂದ ಬಗ್ಗಿ ನೋಡೋ ಕಟ್ಟೆ ಇದೆ, ಬೇರುಗಳು ಇಳಿಬಿದ್ದಿರೋದು ಪೂರ್ತಿ ಕಾಣುತ್ತೆ. ಗುಹೆ ಸೆನೋಟೆಗೆ ಆ ಅನುಕೂಲ ಇಲ್ಲ, ಮೇಲೆ ಕೂತವರಿಗೆ ಏನೂ ಕಾಣಲ್ಲ. ಇದೊಂದರಲ್ಲಿ ಚಿಚೆನ್ ಇಟ್ಸಾ ಪ್ಯಾಕೇಜ್ (ಅ) ಗೆಲ್ಲುತ್ತೆ, ಹೇಳಬೇಕಾದ್ದು ಹೇಳಿದೆ.

ದಾರಿಹೋಕ:
ನೋಡಿ, ಅದನ್ನೇ ನಾನು ಹೇಳಿದ್ದು!

ಕಲ್ಲುಹಾಸು:
ಅಮ್ಮ ನೀರಿನ ಹೊತ್ತಲ್ಲಿ ಹಳ್ಳಿಯಲ್ಲಿ ಇರಬಹುದು. ಹಳ್ಳಿ ಟೂರ್‌ಗಳಲ್ಲಿ ಸೆನೋಟೆ ಸಾಮಾನ್ಯವಾಗಿ ಹಳ್ಳಿಯದ್ದೇ ಆಗಿರುತ್ತೆ, ಹತ್ತಿರದಲ್ಲೇ. ಹಮಾಕ್ (ಬಲೆಯ ತೂಗುಹಾಸಿಗೆ) ಕಟ್ಟಿರ್ತಾರೆ. ಅದರಲ್ಲಿ ಉದ್ದುದ್ದ ಮಲಗಿದರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುತ್ತೆ, ಓರೆಯಾಗಿ ಅಡ್ಡ ಮಲಗಿದರೆ ಚಪ್ಪಟೆ ಆಗುತ್ತೆ.

ಪುಟ್ಟಹಣತೆ:
'ಮಾಯಾ ಹಳ್ಳಿ' ಅನ್ನೋದೆಲ್ಲ ಪ್ರವಾಸಿಗಳಿಗೆ ಕಟ್ಟಿದ ನಾಟಕ ಅಲ್ವಾ? ಮೈಗೆ ಬಣ್ಣ ಬಳ್ಕೊಂಡು ಗರಿ ಕಟ್ಟಿಕೊಂಡು ಕುಣಿಯೋದು?

ಹಳೇಬೇರು:
ಗರಿ ಕಟ್ಟಿ ಫೋಟೋಗೆ ದುಡ್ಡು ಕೇಳೋದು ಬೀಚ್ ರಸ್ತೆಯಲ್ಲಿ. ಅದನ್ನ ಹಳ್ಳಿಗೆ ಸೇರಿಸಬೇಡಿ. ಮಾಯಾ ಜನ ಎಲ್ಲೋ ಮಾಯವಾದವರಲ್ಲ. ಮೆಕ್ಸಿಕೋದ 2020ರ ಜನಗಣತಿಯಲ್ಲಿ ಯುಕಟೆಕ್ ಮಾಯಾ ಮಾತಾಡೋರು ಏಳೂವರೆ ಲಕ್ಷಕ್ಕೂ ಹೆಚ್ಚು. ನಿಮ್ಮ ವ್ಯಾನಿನ ಡ್ರೈವರ್ ಮನೆಯಲ್ಲಿ ಆಡೋ ಮಾತು ಅದೇ ಇರಬಹುದು. 'ಬಿಶ್ ಅ ಬೇಲ್' ಅಂದರೆ ಹೇಗಿದ್ದೀರಿ, ಪದಕ್ಕೆ ಪದ ನೋಡಿದರೆ 'ನಿಮ್ಮ ದಾರಿ ಹೇಗಿದೆ'. ಸಕ್‌ಬೆಯ 'ಬೆ'ನೇ ಇದು. ಉತ್ತರ 'ಮಾಲೋಬ್', ಚೆನ್ನಾಗಿದೆ.

ಹಳ್ಳಿ ಟೂರ್‌ಗಳಲ್ಲಿ ನೀರಿಗೆ ಇಳಿಯೋ ಮುಂಚೆ ಮಾಡೋ ಪೂಜೆಯ ಬಗ್ಗೆ: ಹ್‌ಮೆನ್ ಅಂದರೆ ಊರಿನ ಪೂಜಾರಿ, ನಾಟಿ ವೈದ್ಯ ಎರಡೂ ಆದವರು. ಕೋಪಾಲ್ ಅನ್ನೋ ಮರದ ಅಂಟು ಕೆಂಡಕ್ಕೆ ಹಾಕ್ತಾರೆ, ನಮ್ಮ ಹಾಲ್ಮಡ್ಡಿ ಧೂಪದ ಹಾಗೆ ದಟ್ಟ ಬಿಳಿ ಹೊಗೆ. ನಾಲ್ಕು ದಿಕ್ಕಿಗೂ ತಿರುಗಿ ಪ್ರಾರ್ಥನೆ. ಪ್ರವಾಸಿಗಳಿಗೆ ಮಾಡೋದು ಹತ್ತು ನಿಮಿಷದ ಚಿಕ್ಕದು, ನಿಜ. ಆದರೆ ಸೆನೋಟೆ ಅವರಿಗೆ ಮಳೆ ದೇವರು ಚಾಕ್‌ನ ಜಾಗ, ಅನುಮತಿ ಕೇಳಿ ಇಳಿಯೋದು ಇವತ್ತಿನ ವೇಷ ಅಲ್ಲ. ಉಬ್ಬಸ ಇರೋರು ಹೊಗೆ ಬೀಸೋ ದಿಕ್ಕು ಬಿಟ್ಟು ನಿಲ್ಲಿ.

ದೊಡ್ಡ ಪೂಜೆ ಬೇರೆ, ಚಾ-ಚಾಕ್ ಅಂತ. ಮಳೆ ಕೈಕೊಟ್ಟಾಗ ಊರವರು ತಮಗಾಗಿ ಮಾಡಿಕೊಳ್ಳೋದು. ಕಡ್ಡಿಯಲ್ಲಿ ಕಟ್ಟಿದ ಮಂಟಪದ ನಾಲ್ಕು ಮೂಲೆಗೆ ಹುಡುಗರನ್ನ ಕೂರಿಸಿ ಕಪ್ಪೆ ಹಾಗೆ ವಟಗುಟ್ಟಿಸ್ತಾರೆ. ಮೆಕ್ಕೆಜೋಳದ ಹಿಟ್ಟು, ಕುಂಬಳಬೀಜದ ಪುಡಿ ಪದರ ಪದರವಾಗಿ ಇಟ್ಟು ನೆಲದೊಳಗಿನ ಕುಳಿಯಲ್ಲಿ ಬೇಯಿಸಿದ ರೊಟ್ಟಿ ನೈವೇದ್ಯ. ಕಪ್ಪೆ ಮದುವೆ ಮಾಡೋ, ಗುರ್ಜಿ ಹೊತ್ತು ನೀರು ಹಾಕೋ ನಮ್ಮ ಊರುಗಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪುಮಣ್ಣು:
ಇಷ್ಟೆಲ್ಲ ಹೋಲಿಕೆ ಯಾಕೆ ಇದೆ ಅಂದರೆ ಮಾಯಾ ಜನ ನಮ್ಮ ಮಯಾಸುರನ ವಂಶ. ಹೆಸರೇ ಹೇಳುತ್ತೆ.

ಹಳೇಬೇರು:
ಇಲ್ಲ. ಹೆಸರಿನ ದನಿ ಒಂದೇ ಇದೆ, ಅಷ್ಟೇ. 'ಮಾಯಾ' ಅನ್ನೋ ಹೆಸರು ಯುಕಟಾನಿನ ಮಾಯಾಪಾನ್ ನಗರದ ಸುತ್ತಿನದು. ಅದೇ ಭಾಷಾಕುಟುಂಬದ ಕಿಚೆ, ತ್ಸೊತ್ಸಿಲ್ ಜನ ತಮ್ಮನ್ನ ಮಾಯಾ ಅಂತ ಕರೆದುಕೊಳ್ಳುತ್ತಿರಲಿಲ್ಲ. ಸೊನ್ನೆಯನ್ನೂ ಅವರು ತಾವೇ ಕಂಡುಕೊಂಡರು, ಚಿಪ್ಪಿನ ಗುರುತು ಹಾಕಿ. ಚುಕ್ಕೆ ಒಂದು, ಅಡ್ಡಗೆರೆ ಐದು, ಲೆಕ್ಕ ಇಪ್ಪತ್ತರ ಗುಂಪಲ್ಲಿ. ಅದು ಅವರ ಸ್ವಂತ ಸಂಪಾದನೆ, ನಮ್ಮ ಖಾತೆಗೆ ಬರೆದುಕೊಳ್ಳೋದು ಅನ್ಯಾಯ. 1562ರಲ್ಲಿ ಮಾನಿ ಊರಲ್ಲಿ ದಿಯೆಗೊ ದೆ ಲಾಂಡಾ ಅನ್ನೋ ಪಾದ್ರಿ ಅವರ ಪುಸ್ತಕಗಳನ್ನ ರಾಶಿ ಹಾಕಿ ಸುಟ್ಟ. ಇವತ್ತು ಉಳಿದಿರೋದು ನಾಲ್ಕೇ. ಹಾಗೆ ಕಳಕೊಂಡ ಜನರ ಹೆಸರನ್ನೂ ನಾವು ಕಿತ್ತುಕೊಳ್ಳೋದು ಬೇಡ.

ಕೆಂಪುಮಣ್ಣು:
ಸರಿ, ಇಷ್ಟು ಗೊತ್ತಿರಲಿಲ್ಲ.

ಮಲೆನಾಡಹುಡುಗ:
ನಿಜವಾದ ನಂಟು ಬೇಕಂದರೆ ಕೋಬಾದ ಮರಗಳನ್ನ ನೋಡಿ. ಸೈಕಲ್ ದಾರಿ ಪಕ್ಕದಲ್ಲಿ ಕೆಲವು ದಪ್ಪ ಕಾಂಡಗಳ ಮೇಲೆ ಹಾವು ಹತ್ತಿದ ಹಾಗೆ ಅಡ್ಡಾದಿಡ್ಡಿ ಗೀರು, ಬುಡದಿಂದ ತಲೆ ಎತ್ತರ ದಾಟಿ. ಅದು ಸಪೋಟ ಮರ! ನಮ್ಮ ಹಿತ್ತಲಿನ ಚಿಕ್ಕು ಹುಟ್ಟಿದ್ದು ಆ ಕಾಡುಗಳ ಕಡೆ. ಮಚ್ಚಿನಲ್ಲಿ ಗೀರು ಹಾಕಿದರೆ ಹಾಲು ಗೀರಿನ ಗುಂಟ ಇಳಿದು ಬುಡದ ಚೀಲಕ್ಕೆ ಬೀಳುತ್ತೆ, ಅದನ್ನ ಕಾಯಿಸಿ ಗಟ್ಟಿ ಮಾಡಿದ್ದೇ ಚಿಕ್ಲೆ. ಚೂಯಿಂಗ್ ಗಮ್ ಮೊದಲು ಆಗ್ತಿದ್ದದ್ದು ಅದರಿಂದ. ಒಮ್ಮೆ ಗೀರಿದ ಮರವನ್ನ ಕೆಲವು ವರ್ಷ ಸುಮ್ಮನೆ ಬಿಡಬೇಕು. ಮರವೂ ಕಬ್ಬಿಣದಂಥದು, ಮಾಯಾ ಗುಡಿಗಳ ಬಾಗಿಲ ಮೇಲಿನ ತೊಲೆಗೆ ಹಾಕ್ತಿದ್ದರು. ಗೈಡ್ ತಾನಾಗಿ ತೋರಿಸದಿದ್ದರೆ 'ಸಪೋತೆ' ಅಂತ ಕೇಳಿ.

ಹಳ್ಳಿಯಲ್ಲಿ ಜೇನು ಸಾಕಿದ್ದರೆ ಅದನ್ನೂ ಬಿಡಬೇಡಿ. ಮೆಲಿಪೋನಾ ಅಂತ, ಮಾಯಾದಲ್ಲಿ ಶುನಾನ್ ಕಾಬ್. ಕೊಂಡಿ ಇಲ್ಲ, ನಮ್ಮ ಮುಜಂಟಿಯ ದೊಡ್ಡಕ್ಕ. ಟೊಳ್ಳು ಮರದ ತುಂಡು ಅಡ್ಡ ಇಟ್ಟು, ಎರಡೂ ತುದಿಗೆ ಮರದ ಬಿಲ್ಲೆ ಇಟ್ಟು ಮಣ್ಣು ಮೆತ್ತಿರ್ತಾರೆ. ನಡುವೆ ಒಂದೇ ಹುಳ ತೂರುವಷ್ಟು ತೂತು. ಹತ್ತಿರ ಬಗ್ಗಿ ನೋಡಿದರೆ ತೂತಿಗೆ ಬಿರಡೆ ಹಾಕಿದ ಹಾಗೆ ಕಾವಲು ಹುಳದ ತಲೆ ಕಾಣುತ್ತೆ, ಹೊರಗಿಂದ ವಾಪಸ್ ಬಂದ ತನ್ನ ಗೂಡಿನ ಹುಳಕ್ಕೆ ಹಿಂದೆ ಸರಿದು ದಾರಿ ಬಿಟ್ಟು ಮತ್ತೆ ತಲೆ ಇಡುತ್ತೆ. ಒಂದು ಗೂಡಿಗೆ ವರ್ಷಕ್ಕೆ ಒಂದೆರಡು ಲೀಟರ್ ತುಪ್ಪ. ತೆಳು, ಸ್ವಲ್ಪ ಹುಳಿ. ಲೀಟರ್‌ಗಟ್ಟಲೆ ಕಡಿಮೆ ಬೆಲೆಗೆ ಸಿಗೋದು ಮೆಲಿಪೋನಾ ತುಪ್ಪ ಅಲ್ಲ.

ಅರಳುಮಲ್ಲಿಗೆ:
ಊಟದ ಪ್ರಶ್ನೆ ಹಾಗೇ ಉಳೀತು.

ಸಿಹಿಜೋಳ:
'ವೆಜಿಟೇರಿಯನ್' ಅಂದರೆ ಅಲ್ಲಿ ಮಾಂಸದ ತುಂಡು ಇಲ್ಲ ಅಂತ ಮಾತ್ರ ಅರ್ಥ. ಮೋಸ ಹೋಗೋದು ಮೂರು ಕಡೆ. ಹುರುಳಿಕಾಯಿ ಬೀಜದ ಪಲ್ಯದ ಥರ ಇರೋ ಫ್ರಿಹೋಲೆಸ್, ಅದಕ್ಕೆ ಹಂದಿ ಕೊಬ್ಬು ಹಾಕಿರ್ತಾರೆ. ಕೆಂಪು ಅನ್ನ, ಕೋಳಿ ಸಾರಲ್ಲಿ ಬೆಂದಿರುತ್ತೆ. ತಮಾಲ್ ಅನ್ನೋ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು, ಹಿಟ್ಟಿಗೇ ಕೊಬ್ಬು ಕಲಸಿರ್ತಾರೆ. ಹೇಳಬೇಕಾದ ಮಾತು: 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ, ಸಿನ್ ಕಾಲ್ದೊ ದೆ ಪೊಯೊ', ಅಂದರೆ ಮಾಂಸ, ಕೋಳಿ, ಮೀನು, ಹಂದಿ ಕೊಬ್ಬು, ಕೋಳಿ ಸಾರು ಯಾವುದೂ ಬೇಡ. ಮಾಂತೇಕಾ ಅಂದರೆ ಹಂದಿ ಕೊಬ್ಬು, ಮಾಂತೆಕೀಯಾ ಅಂದರೆ ಬೆಣ್ಣೆ. ಎರಡನ್ನೂ ಅದಲುಬದಲು ಮಾಡಬೇಡಿ. ಟೂರ್‌ನವರಿಗೆ ಹಿಂದಿನ ದಿನವೇ ಬರೆದು ಕಳಿಸಿ, ಬೆಳಿಗ್ಗೆ ಹೇಳಿದರೆ ಅಡುಗೆ ಆಗಿಹೋಗಿರುತ್ತೆ.

ನೆಮ್ಮದಿಯಾಗಿ ತಿನ್ನೋದು ಬಿಸಿ ತೋರ್ತಿಯಾ (ಮೆಕ್ಕೆಜೋಳದ ರೊಟ್ಟಿ) ಮತ್ತು ಸಿಕಿಲ್ ಪಾಕ್. ಸಿಕಿಲ್ ಕುಂಬಳಬೀಜ, ಪಾಕ್ ಟೊಮೇಟೊ. ಒಂದು ಬಟ್ಟಲು ಬೀಜ ಚಟಪಟ ಅನ್ನೋವರೆಗೆ ಹುರಿದು ಪುಡಿ ಮಾಡಿ, ಮೂರು ನಾಲ್ಕು ಟೊಮೇಟೊ, ಒಂದು ಹಬನೇರೊ ಮೆಣಸಿನಕಾಯಿ ಕೆಂಡದಲ್ಲಿ ಸುಟ್ಟು, ಕೊತ್ತಂಬರಿ ಉಪ್ಪು ಹಾಕಿ ರುಬ್ಬೋದು. ನಮ್ಮ ಸುಟ್ಟ ಟೊಮೇಟೊ ಚಟ್ನಿ ಮಾಡೋರಿಗೆ ಹೊಸದಲ್ಲ. ಹಬನೇರೊ ಕತ್ತರಿಸದೆ ಇಡಿಯಾಗಿ ಹಾಕಿ ಪರಿಮಳ ಮಾತ್ರ ತಗೊಳ್ಳೋದೂ ಇದೆ. ಬ್ಯಾಡಗಿ ಲೆಕ್ಕದಲ್ಲಿ ಕಚ್ಚಬೇಡಿ. ಮಗಳಿಗೆ ಪಾಪಾಜುಲ್ ಕೇಳಿ, ಬೇಯಿಸಿದ ಮೊಟ್ಟೆ ಸುತ್ತಿದ ತೋರ್ತಿಯಾ ಮೇಲೆ ಕುಂಬಳಬೀಜದ ಗೊಜ್ಜು.

ತೋರ್ತಿಯಾ ಮಾಡೋದನ್ನ ಹತ್ತಿರ ನಿಂತು ನೋಡಿ. ಮೂರು ಕಲ್ಲಿನ ಒಲೆ, ಅದಕ್ಕೆ ಕೋಬೆನ್ ಅಂತಾರೆ. ಹಿಟ್ಟಿನ ಉಂಡೆಯನ್ನ ಹಾಳೆ ಮೇಲಿಟ್ಟು ಒಂದು ಕೈಯ ಬೆರಳಲ್ಲಿ ತಟ್ಟುತ್ತಾ ಇನ್ನೊಂದು ಕೈಯಲ್ಲಿ ಅಂಚು ತಿರುಗಿಸ್ತಾ ಹೋಗ್ತಾರೆ. ಬಾಳೆಎಲೆ ಮೇಲೆ ಅಕ್ಕಿರೊಟ್ಟಿ ತಟ್ಟಿದವರ ಕೈ ತಾನೇ ಮುಂದೆ ಹೋಗುತ್ತೆ.

ಪುಟ್ಟಹಣತೆ:
ನಮ್ಮ ಮೆಕ್ಕೆಜೋಳದ ಹಿಟ್ಟಿನಿಂದ ಯಾಕೆ ಹಾಗೆ ಬರಲ್ಲ? ಒಡೆದು ಹೋಗುತ್ತೆ.

ಸಿಹಿಜೋಳ:
ಸುಣ್ಣ. 1 ಕಿಲೋ ಒಣ ಮೆಕ್ಕೆಜೋಳಕ್ಕೆ ಸುಮಾರು 10 ಗ್ರಾಂ ಸುಣ್ಣ, ಮೂರು ಲೀಟರ್ ನೀರು. ಎಲೆಅಡಿಕೆಗೆ ಹಚ್ಚೋ ಅದೇ ಸುಣ್ಣದ ಜಾತಿ, ಆದರೆ ಅಡುಗೆಗೆ ಅಂತ ಮಾರೋದನ್ನೇ ತಗೊಳ್ಳಿ. ಅರ್ಧ-ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ, ಕಾಳು ಉಜ್ಜಿದರೆ ಸಿಪ್ಪೆ ಜಾರಬೇಕು. ಒಲೆ ಆರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎರಡು ಮೂರು ನೀರಲ್ಲಿ ಉಜ್ಜಿ ತೊಳೆದು ರುಬ್ಬಿ. ಸುಣ್ಣ ಸಿಪ್ಪೆ ಬಿಡಿಸುತ್ತೆ, ಹಿಟ್ಟಿಗೆ ಅಂಟು ತರುತ್ತೆ, ಮೆಕ್ಕೆಜೋಳದಲ್ಲಿ ಹಿಡಿದಿಟ್ಟಂತಿರೋ ನಿಯಾಸಿನ್ (ಬಿ3 ಜೀವಸತ್ವ) ಮೈಗೆ ಹತ್ತೋ ಹಾಗೆ ಮಾಡುತ್ತೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ಪದ್ಧತಿ ಬಿಟ್ಟು ಹೋದರು. ಅದನ್ನೇ ನಂಬಿ ಬದುಕಿದ ಬಡವರಿಗೆ ನಿಯಾಸಿನ್ ಸಾಲದೆ ಪೆಲಾಗ್ರ ರೋಗ ಬಂತು. ಸುಣ್ಣ ಹೆಚ್ಚಾದರೆ ಹಿಟ್ಟು ಹಳದಿಗೆ ತಿರುಗಿ ಸೋಪಿನ ರುಚಿ.

ಹೂಸ್ಟನ್‌ವಾಸಿ:
ಟೂರ್‌ಗೆ ವಾಪಸ್ ಬರೋಣ. ದುಡ್ಡು ಕಟ್ಟೋ ಮುಂಚೆ ಬರವಣಿಗೆಯಲ್ಲಿ ಕೇಳಿ: ಪ್ರವೇಶ ಶುಲ್ಕ ಸೇರಿದೆಯಾ? 'ತೆರಿಗೆ' ಅಂತ ಬಸ್ಸಲ್ಲಿ ಮತ್ತೆ ವಸೂಲಿ ಮಾಡೋದು ಮಾಮೂಲು. ಚಿಚೆನ್ ಇಟ್ಸಾದಲ್ಲಿ ಕೇಂದ್ರದ್ದು ಒಂದು, ರಾಜ್ಯದ್ದು ಒಂದು, ಎರಡು ಶುಲ್ಕ ಇದೆ. ಎರಡೂ ಸೇರಿದೆಯಾ ಅಂತಲೇ ಕೇಳಿ. ಎಷ್ಟು ಹೋಟೆಲಲ್ಲಿ ಜನ ಹತ್ತಿಸ್ತೀರಿ? ಅಂಗಡಿ ಎಷ್ಟು ಹೊತ್ತು? ಸೆನೋಟೆ ಯಾವುದು, ನೀರಲ್ಲಿ ಎಷ್ಟು ನಿಮಿಷ? ಕೋಬಾದ ಸೈಕಲ್ ಗಾಡಿ, ಲಾಕರ್, ಊಟದ ಜೊತೆಯ ಪಾನೀಯ ಸಾಮಾನ್ಯವಾಗಿ ಬೇರೆ ದುಡ್ಡು. ಚಿಲ್ಲರೆ ಪೆಸೊ ಇಟ್ಟುಕೊಳ್ಳಿ, ಕೋಬಾ ಕಡೆ ಕಾರ್ಡ್ ನಂಬಬೇಡಿ. ಎಟಿಎಂ 'ಡಾಲರಿಗೆ ಪರಿವರ್ತಿಸಲಾ' ಅಂತ ಕೇಳಿದರೆ ಬೇಡ ಅನ್ನಿ, ಅವರ ದರ ದುಬಾರಿ.

ಭಾನುವಾರ ಬೇಡ. ಮೆಕ್ಸಿಕೋದವರಿಗೆ ಅಂದು ಪ್ರವೇಶ ಉಚಿತ, ಜನ ಜಾಸ್ತಿ.

ದಾರಿಹೋಕ:
ಸ್ವಂತ ಕಾರು ಬಾಡಿಗೆಗೆ ತಗೊಂಡರೆ ಇದೆಲ್ಲ ತಲೆನೋವೇ ಇಲ್ಲ.

ಹೂಸ್ಟನ್‌ವಾಸಿ:
ಬೇರೆ ತಲೆನೋವು ಇದೆ. ಮೆಕ್ಸಿಕೋದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅಂತರ್ಜಾಲದಲ್ಲಿ ತೋರಿಸೋ ಅಗ್ಗದ ದರದಲ್ಲಿ ಅದು ಇರಲ್ಲ, ಕೌಂಟರಲ್ಲಿ ಬಿಲ್ಲು ದುಪ್ಪಟ್ಟು ಆಗುತ್ತೆ. ಹಳ್ಳಿ ಹಳ್ಳಿಗೂ ತೋಪೆ ಅನ್ನೋ ಎತ್ತರದ ಹಂಪು, ಕೆಲವಕ್ಕೆ ಬಣ್ಣವೂ ಇರಲ್ಲ. ಪೆಟ್ರೋಲ್ ಹಾಕಿಸುವಾಗ ಮೀಟರ್ ಸೊನ್ನೆಯಿಂದ ಶುರುವಾಯ್ತಾ ನೋಡಿ. ಡಿಸೆಂಬರಲ್ಲಿ ಕ್ಯಾನ್‌ಕೂನ್‌ನಲ್ಲಿ ಸಂಜೆ 6ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತೆ, ಅಷ್ಟರೊಳಗೆ ವಾಪಸ್ ಬರಬೇಕು. ಮಾಯಾ ರೈಲು 2023ರ ಡಿಸೆಂಬರಲ್ಲಿ ಶುರುವಾಗಿದೆ, ಆದರೆ ಚಿಚೆನ್ ಇಟ್ಸಾ ನಿಲ್ದಾಣದಿಂದ ಅವಶೇಷಕ್ಕೆ ಮತ್ತೆ ಬಸ್ಸು ಹಿಡೀಬೇಕು. ವಯಸ್ಸಾದವರ ಜೊತೆ ವ್ಯಾನೇ ವಾಸಿ.

ನೀರುನಾಯಿ:
ಡಿಸೆಂಬರ್ ಅಂದಿದ್ದಕ್ಕೆ ಒಂದು ಮಾತು. ಆಗಾಗ 'ನೊರ್ತೆ' ಅನ್ನೋ ಉತ್ತರದ ತಂಪು ಗಾಳಿ ಒಂದೆರಡು ದಿನ ಬೀಸುತ್ತೆ, ಜೊತೆಗೆ ತುಂತುರು. ನೀರಿನೊಳಗೆ ಬೆಚ್ಚಗೇ ಇರುತ್ತೆ, ಮೇಲೆ ಬಂದಾಗ ನಡುಗುತ್ತೆ. ಮಗುವಿಗೆ ಇನ್ನೊಂದು ಒಣ ಟವೆಲ್, ಗಾಳಿ ತಡೆಯೋ ಜಾಕೆಟ್, ಪೂರ್ತಿ ಒಂದು ಜೊತೆ ಒಣ ಬಟ್ಟೆ. ರಬ್ಬರ್ ಅಡಿಯ ನೀರಿನ ಷೂ ಎಲ್ಲರಿಗೂ, ಹವಾಯಿ ಚಪ್ಪಲಿ ಆ ಮೆಟ್ಟಿಲ ಮೇಲೆ ಜಾರುತ್ತೆ.

ಅರಳುಮಲ್ಲಿಗೆ:
ಮೂಯಿಲ್ ಯಾರೂ ಹೇಳಲಿಲ್ಲ. ತುಲುಮ್‌ನಿಂದ ದಕ್ಷಿಣಕ್ಕೆ 20 ಕಿ.ಮೀ. ಚಿಕ್ಕ ಅವಶೇಷ, ಅಲ್ಲಿಂದ ಮರದ ಹಲಗೆ ದಾರಿಯಲ್ಲಿ ಸರೋವರ, ದೋಣಿ, ಆಮೇಲೆ ಹಳೇ ಮಾಯಾ ಕಾಲುವೆಯಲ್ಲಿ ತೇಲಿಕೊಂಡು ಹೋಗೋದು. ಲೈಫ್ ಜಾಕೆಟ್ಟನ್ನ ತಲೆಕೆಳಗು ಮಾಡಿ ತೋಳಿನ ತೂತಿಗೆ ಕಾಲು ಹಾಕಿ ಚಡ್ಡಿ ಥರ ತೊಟ್ಟರೆ ಕುರ್ಚಿಯಲ್ಲಿ ಕೂತ ಹಾಗೆ ನೀರೇ ಕರಕೊಂಡು ಹೋಗುತ್ತೆ.

ನೀರುನಾಯಿ:
ಕಾಲುವೆ ಸೊಗಸು, ಒಪ್ಪಿದೆ. ಆದರೆ ಹಾಗೆ ತೊಟ್ಟಾಗ ಜಾಕೆಟ್ ತಲೆಯನ್ನ ಮೇಲಿಡಲ್ಲ, ಸೊಂಟವನ್ನ ಮೇಲಿಡುತ್ತೆ. ಈಜು ಬಾರದವರು ಮುಂದಕ್ಕೆ ಮುಗ್ಗರಿಸಿದರೆ ಮುಖ ನೀರಿಗೆ. 7 ವರ್ಷದ ಮಗುವಿಗೆ ಜಾಕೆಟ್ ಎದೆಗೇ ಇರಲಿ. ಅವಶೇಷ ನೋಡೋ ಆಸೆ ಇರೋರಿಗೆ ಮೂಯಿಲ್ ಸಾಲದು.

ತುಂಗಾತೀರ:
ತುಂಬ ಉಪಕಾರ ಎಲ್ಲರಿಗೂ. ಹೀಗೆ ಅಂದುಕೊಂಡಿದ್ದೀವಿ: ಕೋಬಾ ಪ್ಯಾಕೇಜ್ (ಆ), ಮಂಗಳವಾರ. 5:45ಕ್ಕೆ ಹೊರಟು 8ರ ಸುಮಾರಿಗೆ ಕೋಬಾ ಗೇಟು. ಅಪ್ಪ ಅಮ್ಮನಿಗೆ ಸೈಕಲ್ ಗಾಡಿ. 10:30ಕ್ಕೆ ಹಳ್ಳಿ, ಊಟ, ಆಮೇಲೆ ಸೆನೋಟೆ.

ನೀರುನಾಯಿ:
ಊಟ ಆಮೇಲೆ. ಹಳ್ಳಿಯಲ್ಲಿ ಪೂಜೆ, ನೇರ ನೀರು, ಆಮೇಲೆ ಊಟ. ಹೊಟ್ಟೆ ತುಂಬಿಸಿಕೊಂಡು ಜಾಕೆಟ್ ಬಿಗಿದರೆ ಮಗುವಿಗೆ ವಾಂತಿ ಬರಬಹುದು. ದೊಡ್ಡ ಬಸ್ಸುಗಳು ಸೆನೋಟೆಗೆ ಬರೋದು 12ರ ಮೇಲೆ, ನೀವು 11ಕ್ಕೆ ಇಳಿದರೆ ನೀರು ನಿಮ್ಮದೇ. ಚಾವಣಿಯಲ್ಲಿ ತೂತಿರೋ ಗುಹೆಯಾದರೆ ಬೆಳಕಿನ ಕೋಲು ನೇರ ನೀರಿಗೆ ಬೀಳೋದೂ ಮಧ್ಯಾಹ್ನದ ಹೊತ್ತಲ್ಲೇ, ಹತ್ತುವಾಗ ನೋಡ್ಕೊಂಡು ಬರಬಹುದು.

ಸಿಹಿಜೋಳ:
ಊಟದ ಪಟ್ಟಿ ಸೋಮವಾರವೇ ಕಳಿಸಿ.

ಹಳೇಬೇರು:
ಮನೆಯೊಳಗೆ, ಮಕ್ಕಳ ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ. ಗೈಡ್ ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ ನೋಡಿ. ಚೆಂಡಾಟದಲ್ಲಿ ಗೆದ್ದವನ ತಲೆಯನ್ನೇ ಕಡೀತಿದ್ದರು ಅಂತ ಖಚಿತವಾಗಿ ಹೇಳಿದರೆ ಪೂರ್ತಿ ನಂಬಬೇಡಿ. ತಲೆ ಕಡಿದ ಆಟಗಾರನ ಕೆತ್ತನೆ ಚಿಚೆನ್ ಇಟ್ಸಾದಲ್ಲಿ ಇದೆ, ಅವನು ಗೆದ್ದವನೋ ಸೋತವನೋ ಅಂತ ಕಲ್ಲಲ್ಲಿ ಬರೆದಿಲ್ಲ.

ಹೂಸ್ಟನ್‌ವಾಸಿ:
ಕೋಬಾ ಕಿಂತಾನಾ ರೋದಲ್ಲೇ ಇರೋದರಿಂದ ಗಡಿಯಾರ ಬದಲಾಗಲ್ಲ. ಆದರೆ ಗಡಿ ಹತ್ತಿರ. ಫೋನು ಆ ಕಡೆಯ ಟವರ್ ಹಿಡಿದರೆ ಒಂದು ಗಂಟೆ ಹಿಂದಕ್ಕೆ ಹೋಗಬಹುದು, ವ್ಯಾನು ಹೊರಡೋ ಸಮಯ ತಪ್ಪುತ್ತೆ. ಸೋಮವಾರ ರಾತ್ರಿಯೇ ಫೋನಲ್ಲಿ ಸಮಯವಲಯ ತಾನಾಗಿ ಬದಲಾಗೋದನ್ನ ನಿಲ್ಲಿಸಿ, ಕ್ಯಾನ್‌ಕೂನ್ ಅಂತ ಇಟ್ಟುಬಿಡಿ.

ತುಂಗಾತೀರ:
ಐದೂ ಫೋನಿಗೆ ಮಾಡ್ತೀವಿ. ಅಮ್ಮನಿಗೆ ಜೇನುಗೂಡಿನ ವಿಷಯ ಓದಿ ಹೇಳಿದೆ, ನೀರು ಸಿಗದಿದ್ದರೂ ಬೇಜಾರಿಲ್ಲ, ಆ ಕಾವಲು ಹುಳ ನೋಡಬೇಕು ಅಂತಿದ್ದಾರೆ.